ಊರು ನಡೆಸುವ ವೃತ್ತಿ

(ಶುವೈಖ್‌ನಲ್ಲಿ ಸೇರಿದ್ದ ಕೂಟದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಠ್ಯ)



ಹೊರನಾಡಿನ ಕನ್ನಡ ವೇದಿಕೆಗಳಿಗೆ ಅತಿಥಿಗಳಾಗಿ ಬರುವವರು ಸಾಮಾನ್ಯವಾಗಿ ಸಾಹಿತಿಗಳು, ಸಂಗೀತ ವಿದ್ವಾಂಸರು, ಯಕ್ಷಗಾನದ ಅರ್ಥಧಾರಿಗಳು. ಪುರಸಭೆಯ ಕಚೇರಿಗಳಲ್ಲಿ ಆಯುಷ್ಯದ ಬಹುಭಾಗವನ್ನು ಸವೆಸಿ ನಿವೃತ್ತರಾದ ನಮ್ಮಂಥವರನ್ನು ಕರೆಸಿ, ಅದೂ ನೀರು, ಚರಂಡಿ, ಕಸ, ಕಟ್ಟಡ ಪರವಾನಿಗೆಗಳ ವಿಷಯವನ್ನೇ ಮಾತನಾಡಿರೆಂದು ಕೇಳಿದ ಈ ಕೂಟದ ಧೈರ್ಯಕ್ಕೆ ಮೊದಲು ವಂದನೆ ಸಲ್ಲಿಸುತ್ತೇವೆ. ಹನ್ನೆರಡನೆಯ ತರಗತಿ ಮುಗಿಸುವ ಮಕ್ಕಳ ಮುಂದೆ ವೈದ್ಯಕೀಯ, ಇಂಜಿನಿಯರಿಂಗ್, ಲೆಕ್ಕಪರಿಶೋಧನೆ ಎಂಬ ಮೂರು ಬಾಗಿಲುಗಳ ಹೊರತು ನಾಲ್ಕನೆಯದು ಕಾಣುತ್ತಿಲ್ಲ. ನಗರಾಡಳಿತವೂ ಒಂದು ವೃತ್ತಿಯೆಂದು ತಿಳಿಯಹೇಳಿ ಎಂಬುದು ಸಂಘಟಕರ ಅಪೇಕ್ಷೆ. ನಮ್ಮ ಶಕ್ತ್ಯನುಸಾರ ಅರಿಕೆ ಮಾಡಿಕೊಳ್ಳುತ್ತೇವೆ.

ಪುರಸಭೆಯ ಕೆಲಸವೆಂದರೆ ಏನೆಂಬುದು ಆ ಕೆಲಸ ನಿಂತಾಗಲೇ ಜನರಿಗೆ ತಿಳಿಯುವುದು. ಬೆಳಗಿನ ಜಾವ ಐದಕ್ಕೆ ವಾಲ್ವ್ ತಿರುಗಿಸುವವನು ಬರದಿದ್ದರೆ ಇಡೀ ಬಡಾವಣೆಯ ನಲ್ಲಿಯಲ್ಲಿ ಗಾಳಿ ಬರುತ್ತದೆ. ಪೌರಕಾರ್ಮಿಕರು ಎರಡು ದಿನ ಕೆಲಸಕ್ಕೆ ಬರದಿದ್ದರೆ ಮೂರನೆಯ ದಿನ ಮಾರುಕಟ್ಟೆಯ ಬೀದಿಯಲ್ಲಿ ಮೂಗು ಮುಚ್ಚಿಕೊಳ್ಳದೆ ನಡೆಯಲಾಗದು. ಜನನ ಮರಣದ ದಾಖಲೆ ಬರೆಯುವ ಗುಮಾಸ್ತ ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಇಪ್ಪತ್ತು ವರ್ಷಗಳ ಅನಂತರ ಯಾರೋ ಒಬ್ಬರು ಪಾಸ್‌ಪೋರ್ಟಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾರೆ. ಈ ಸಭೆಯಲ್ಲಿಯೂ ಹಾಗೆ ಅಲೆದವರು ಇರಬಹುದು. ಇವೆಲ್ಲವನ್ನೂ ದಿನದಿನವೂ ತಪ್ಪದೆ ನಡೆಯುವಂತೆ ನೋಡಿಕೊಳ್ಳುವ ಹೊಣೆ ಒಬ್ಬ ಅಧಿಕಾರಿಯದು. ಚಿಕ್ಕ ಊರಿನಲ್ಲಿ ಆತನನ್ನು ಮುಖ್ಯಾಧಿಕಾರಿಯೆಂದೂ ನಗರಸಭೆಯಲ್ಲಿ ಪೌರಾಯುಕ್ತನೆಂದೂ ಮಹಾನಗರ ಪಾಲಿಕೆಯಲ್ಲಿ ಆಯುಕ್ತನೆಂದೂ ಕರೆಯುತ್ತೇವೆ.

ಈ ಸಭೆ ಶುವೈಖ್‌ನಲ್ಲಿ ಸೇರಿರುವುದು ನಮ್ಮ ವಿಷಯಕ್ಕೆ ಬಹಳ ಅನುಕೂಲವಾಗಿದೆ. ಕುವೈತ್ ನಗರವು ಒಂದಾನೊಂದು ಕಾಲದಲ್ಲಿ ಕುಡಿಯುವ ನೀರಿಗಾಗಿ ಷಟ್ ಅಲ್ ಅರಬ್ ನದಿಯಿಂದ ದೋಣಿಗಳಲ್ಲಿ ಬರುತ್ತಿದ್ದ ಸಿಹಿನೀರನ್ನು ನೆಚ್ಚಿಕೊಂಡಿತ್ತು. ಸಮುದ್ರದ ನೀರನ್ನು ಬಟ್ಟಿಯಿಳಿಸಿ ಊರಿಗೆ ಕುಡಿಸುವ ದೊಡ್ಡ ಸ್ಥಾವರ 1953ರಲ್ಲಿ ಕೆಲಸ ಆರಂಭಿಸಿದ್ದು ಇದೇ ಶುವೈಖ್‌ನಲ್ಲಿ. ಅದಕ್ಕಿಂತ ಮೊದಲು, 1920ರಲ್ಲಿ, ದಾಳಿಯ ಭಯದಿಂದ ಊರಿನ ಜನರೇ ಕೈಗೂಡಿಸಿ ಕೆಲವೇ ತಿಂಗಳಲ್ಲಿ ಊರ ಸುತ್ತ ಮಣ್ಣಿನ ಕೋಟೆಗೋಡೆ ಕಟ್ಟಿದರು. 1930ರಲ್ಲಿ ಬಲದಿಯಾ, ಎಂದರೆ ಪುರಸಭೆ, ಸ್ಥಾಪನೆಯಾಯಿತು. ತೈಲದ ಸಂಪತ್ತು ಹರಿಯತೊಡಗಿದ ಮೇಲೆ 1952ರಲ್ಲಿ ಮಿನೋಪ್ರಿಯೋ, ಸ್ಪೆನ್ಸ್‌ಲಿ, ಮ್ಯಾಕ್‌ಫಾರ್ಲೇನ್ ಎಂಬ ಇಂಗ್ಲಿಷ್ ಯೋಜಕರು ನಗರದ ನಕ್ಷೆ ಬರೆದುಕೊಟ್ಟರು. ತಾವೆಲ್ಲ ದಿನವೂ ಓಡಾಡುವ ವರ್ತುಲ ರಸ್ತೆಗಳ ಮೂಲ ಆ ನಕ್ಷೆಯಲ್ಲಿದೆ. ಗೋಡೆಯ ಹೊರಗೆ ಪಶ್ಚಿಮಕ್ಕಿದ್ದ ಶುವೈಖ್ ಭಾಗವು ಕೈಗಾರಿಕೆ, ಆಸ್ಪತ್ರೆ, ವಿದ್ಯಾಸಂಸ್ಥೆಗಳಿಗೆ ಮೀಸಲಾಯಿತು. 1957ರಲ್ಲಿ ಹಳೆಯ ಗೋಡೆಯನ್ನು ಕೆಡವಿ ದ್ವಾರಗಳನ್ನು ಮಾತ್ರ ಉಳಿಸಿಕೊಂಡರು. ಗೋಡೆ ಕಟ್ಟಿದ ಮಂದಿಯ ಕಣ್ಣೆದುರಿನಲ್ಲಿಯೇ ಅದನ್ನು ಕೆಡವಬೇಕಾದ ಸನ್ನಿವೇಶ ಯಾವ ನಗರಾಡಳಿತಗಾರನಿಗೂ ಸುಲಭವಾದುದಲ್ಲ.

ಅರಬ್ಬಿಯಲ್ಲಿ ಬಲದ್ ಎಂದರೆ ಊರು, ನಾಡು. ಬಲದಿಯಾ ಎಂಬುದು ಅದರಿಂದ ಹುಟ್ಟಿದ ಪದ, ಊರಿಗೆ ಸೇರಿದ್ದು ಎಂಬ ಭಾವ. ನಮ್ಮ ಪುರಸಭೆ ಎಂಬ ಪದಕ್ಕೂ ಅದೇ ಅರ್ಥ. ಇಲ್ಲಿಯ ಮಹಿಳೆಯರು ಚುನಾವಣೆಯೊಂದರಲ್ಲಿ ಮೊದಲ ಬಾರಿಗೆ ಮತ ಹಾಕಿದ್ದು ಸಂಸತ್ತಿಗಲ್ಲ, 2006ರ ಏಪ್ರಿಲ್‌ನಲ್ಲಿ ನಡೆದ ಪುರಸಭಾ ಉಪಚುನಾವಣೆಯಲ್ಲಿ ಎಂಬುದೂ ಇಲ್ಲಿ ನೆನೆಯತಕ್ಕ ಸಂಗತಿ.

ಕನ್ನಡಿಗರಿಗೂ ಈ ಅರಬ್ ಕರಾವಳಿಯ ಊರಾಡಳಿತಕ್ಕೂ ಇರುವ ಹಳೆಯ ನಂಟೊಂದನ್ನು ಹೇಳಿ ಮುಂದೆ ಹೋಗುತ್ತೇವೆ. ಏಡನ್ ಪಟ್ಟಣ ಆಗ ಮುಂಬಯಿ ಪ್ರಾಂತದ ಆಡಳಿತಕ್ಕೆ ಒಳಪಟ್ಟಿತ್ತು. ಅಲ್ಲಿಯ ಕುಡಿಯುವ ನೀರು ಹಾಗೂ ಚರಂಡಿಯ ವ್ಯವಸ್ಥೆಯನ್ನು ಅಧ್ಯಯನ ಮಾಡಿ ಸಲಹೆ ನೀಡಲು 1906ರಲ್ಲಿ ಸರಕಾರ ಕಳುಹಿಸಿದ್ದು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಅಣೆಕಟ್ಟಿನ ವಿಶ್ವೇಶ್ವರಯ್ಯನವರು ನಮಗೆಲ್ಲ ಗೊತ್ತು; ಊರಿನ ಚರಂಡಿಯ ವಿಶ್ವೇಶ್ವರಯ್ಯನವರನ್ನು ಪಠ್ಯಪುಸ್ತಕಗಳು ಅಷ್ಟಾಗಿ ಹೇಳುವುದಿಲ್ಲ.

ನಮ್ಮ ನಾಡಿನಲ್ಲಿ ಆಧುನಿಕ ಪೌರಾಡಳಿತಕ್ಕೆ ಬುದ್ಧಿ ಕಲಿಸಿದ್ದು ಪ್ಲೇಗು. ಬೆಂಗಳೂರಿನಲ್ಲಿ ಪುರಸಭೆ 1862ರಲ್ಲಿಯೇ ಆರಂಭವಾಗಿತ್ತು, ಮಂಗಳೂರಿನದು 1866ರಲ್ಲಿ. ಆದರೆ 1898ರಲ್ಲಿ ಮಾರಿ ಬಂದು ಹಳೆಯ ಪೇಟೆಗಳ ಇಕ್ಕಟ್ಟಾದ ಕೇರಿಗಳಲ್ಲಿ ಜನ ಸಾಯತೊಡಗಿದಾಗ, ಮನೆಗೂ ಮನೆಗೂ ನಡುವೆ ಗಾಳಿ ಬೆಳಕಿಗೆ ಎಡೆಯಿರಬೇಕೆಂಬುದು ಶ್ರೀಮಂತರ ಸೌಖ್ಯದ ಮಾತಾಗಿ ಉಳಿಯಲಿಲ್ಲ. ಬಸವನಗುಡಿ, ಮಲ್ಲೇಶ್ವರಗಳ ನೇರ ಬೀದಿಗಳು ಆ ಕಾಲದವು. ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಲಿ ಸ್ಥಾಪನೆಯಾಯಿತು. ತಾವು ಊರಿನಲ್ಲಿ ಮನೆ ಕಟ್ಟಿಸುವಾಗ ಗೋಡೆಗೂ ಬೇಲಿಗೂ ನಡುವೆ ಇಷ್ಟು ಅಡಿ ಬಿಡಬೇಕೆಂದು ಪುರಸಭೆ ಹೇಳುವ ನಿಯಮವಿದೆಯಲ್ಲ, ತಾವೆಲ್ಲ ಸೆಟ್‌ಬ್ಯಾಕ್ ಎಂದು ಕರೆದು ಬೇಸರಪಡುವ ಆ ನಿಯಮದ ಹಿಂದೆ ಇಂಥ ಸಾವುಗಳ ನೆನಪಿದೆ.

ಸೆಟ್‌ಬ್ಯಾಕಿನ ಮಾತು ಬಂದುದರಿಂದ ಈ ವೃತ್ತಿಯ ಅತ್ಯಂತ ಕಠಿಣವಾದ ಭಾಗವನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಅದು ಇಲ್ಲವೆನ್ನುವ ಕೆಲಸ. ರಸ್ತೆ ಮಾಡಿಸಿದ ಅಧಿಕಾರಿಗೆ ಹಾರ ಹಾಕುತ್ತಾರೆ, ಉದ್ಯಾನ ಮಾಡಿಸಿದವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುತ್ತಾರೆ. ಮೂರನೆಯ ಅಂತಸ್ತಿಗೆ ಅನುಮತಿ ನಿರಾಕರಿಸಿದವನಿಗೆ ಬೈಗುಳ ಬಿಟ್ಟು ಬೇರೇನೂ ದೊರೆಯದು. ಏಕೆಂದರೆ ಆ ನಿರಾಕರಣೆಯಿಂದ ಉಪಕಾರ ಪಡೆದವರಿಗೆ ತಾವು ಉಪಕಾರ ಪಡೆದೆವೆಂಬುದೇ ತಿಳಿದಿರುವುದಿಲ್ಲ. ಸಂಭವಿಸದ ಬೆಂಕಿಗೆ ಸಾಕ್ಷಿಯೆಲ್ಲಿ?

ನಾವು ಸೇವೆಯಲ್ಲಿದ್ದ ಕರಾವಳಿಯ ಒಂದು ಪಟ್ಟಣದಲ್ಲಿ ಹೀಗಾಯಿತು. ವಿದೇಶದಲ್ಲಿ ದುಡಿದು ಬಂದ ಸಜ್ಜನರೊಬ್ಬರು ಮುಖ್ಯರಸ್ತೆಯಲ್ಲಿ ವಾಣಿಜ್ಯ ಸಂಕೀರ್ಣ ಕಟ್ಟಿಸತೊಡಗಿದರು. ನಕ್ಷೆಯಲ್ಲಿ ಎರಡು ಮೆಟ್ಟಿಲುದಾರಿಗಳು, ಕಟ್ಟಡದಲ್ಲಿ ಒಂದೇ. ಎರಡನೆಯದರ ಜಾಗದಲ್ಲಿ ಅಂಗಡಿಯ ಕೋಣೆ ಎದ್ದಿತ್ತು. ನಾವು ಕೆಲಸ ನಿಲ್ಲಿಸುವ ನೋಟೀಸು ಕೊಟ್ಟೆವು. ಅಂದು ಸಂಜೆಯಿಂದ ದೂರವಾಣಿ ಕರೆಗಳು ಬಂದವು. ಎಲ್ಲರೂ ಒಂದೇ ಮಾತು ಹೇಳಿದರು: ಸಾಯೇಬರೇ, ಊರಿಗೆ ಹಣ ತಂದವರು, ನಾಲ್ಕು ಜನಕ್ಕೆ ಕೆಲಸ ಕೊಡುವವರು, ಸ್ವಲ್ಪ ನೋಡಿ. ನಾವು ನೋಡಿದೆವು, ನೋಡಿಯೇ ನೋಟೀಸು ಕೊಟ್ಟಿದ್ದೆವು. ಎಂಟು ತಿಂಗಳು ಕಟ್ಟಡ ನಿಂತಿತು. ಕಡೆಗೆ ಅವರು ಎರಡನೆಯ ಮೆಟ್ಟಿಲನ್ನು ಕಟ್ಟಿಸಿದರು, ನಮ್ಮೊಡನೆ ಮಾತು ಬಿಟ್ಟರು. ಇಂದಿಗೂ ಬಿಟ್ಟೇ ಇದ್ದಾರೆ.

ಈ ಮಾತನ್ನು ಬೇರೆ ಯಾವ ಊರಿನಲ್ಲಿ ಹೇಳಿದ್ದರೂ ಕಥೆಯಂತೆ ಕೇಳಿಸಬಹುದಿತ್ತು. ಕುವೈತ್‌ನಲ್ಲಿ ಹಾಗೆ ಕೇಳಿಸದು. 2024ರ ಜೂನ್ 12ರ ಮುಂಜಾನೆ ಮಂಗಾಫ್‌ನಲ್ಲಿ ಕಾರ್ಮಿಕರು ವಾಸವಾಗಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಐವತ್ತರಷ್ಟು ಜನ ಮೃತರಾದರು. ಅವರಲ್ಲಿ ಬಹುಪಾಲು ನಮ್ಮ ದೇಶದವರೇ. ಬೆಂಕಿ ಹತ್ತಿದ್ದು ನೆಲ ಅಂತಸ್ತಿನಲ್ಲಿ. ಮೇಲಿನ ಅಂತಸ್ತುಗಳಲ್ಲಿ ನಿದ್ರೆಯಲ್ಲಿದ್ದವರಲ್ಲಿ ಹೆಚ್ಚಿನವರನ್ನು ಕೊಂದದ್ದು ಮೆಟ್ಟಿಲುದಾರಿಯಲ್ಲಿ ಏರಿದ ಹೊಗೆ. ಅನಂತರ ಸರಕಾರ ಪುರಸಭೆಯ ಅಧಿಕಾರಿಗಳನ್ನು ಅಮಾನತಿನಲ್ಲಿರಿಸಿತು, ಊರಿನ ಕಟ್ಟಡಗಳ ತಪಾಸಣೆ ಬಿರುಸಾಯಿತು. ತಮ್ಮಲ್ಲಿ ಅನೇಕರು ಆ ದಿನ ಆಸ್ಪತ್ರೆಗಳ ಬಾಗಿಲಲ್ಲಿ ನಿಂತವರು, ರಕ್ತ ಕೊಟ್ಟವರು, ಶವಗಳನ್ನು ಊರಿಗೆ ಕಳುಹಿಸುವ ಕಾಗದಪತ್ರಗಳಿಗೆ ಓಡಾಡಿದವರು ಇರಬಹುದು. ಅದರ ವಿವರವನ್ನು ತಮಗೆ ನಾವು ಹೇಳಬೇಕಾಗಿಲ್ಲ.

ಬೆಂಗಳೂರಿನಲ್ಲಿ 2010ರ ಫೆಬ್ರವರಿ 23ರಂದು ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಒಂಬತ್ತು ಜನ ಪ್ರಾಣ ಕಳೆದುಕೊಂಡಾಗಲೂ ಹೊಗೆಯೇ ಮೃತ್ಯುವಾಗಿತ್ತು; ಉಸಿರು ಕಟ್ಟಿ ಕಿಟಕಿಗಳಿಂದ ಹಾರಿದವರಿದ್ದರು. ಎರಡು ದೇಶ, ಎರಡು ಬಗೆಯ ಕಟ್ಟಡ, ಒಂದರಲ್ಲಿ ಕೂಲಿಯವರು, ಇನ್ನೊಂದರಲ್ಲಿ ಕಚೇರಿಯ ನೌಕರರು. ಮೆಟ್ಟಿಲು ಮಾತ್ರ ಎರಡು ಕಡೆಯೂ ಒಂದೇ. ಮೆಟ್ಟಿಲಿನ ಅಗಲವೆಷ್ಟು, ಅದರ ಬಾಗಿಲು ಯಾವ ಕಡೆಗೆ ತೆರೆಯಬೇಕು, ಬೀಗ ಹಾಕಬಹುದೆ ಎಂಬುದನ್ನು ಬರೆದಿಡುವುದು ಉಪವಿಧಿಗಳ ಪುಸ್ತಕ. ಓದಲು ಅದರಷ್ಟು ನೀರಸವಾದ ಪುಸ್ತಕ ಲೋಕದಲ್ಲಿಲ್ಲ. ಅದನ್ನು ಓದಿ, ಸ್ಥಳಕ್ಕೆ ಹೋಗಿ, ಅಳತೆ ಹಿಡಿದು, ಸಹಿ ಹಾಕುವ ಅಥವಾ ಹಾಕದಿರುವ ವ್ಯಕ್ತಿಯೇ ನಾವು ಹೇಳುತ್ತಿರುವ ವೃತ್ತಿಯ ಮನುಷ್ಯ.

ಕರ್ನಾಟಕದಲ್ಲಿ ಇದಕ್ಕೆ ವಿರುದ್ಧವಾದ ಪ್ರವಾಹವೂ ಬಲವಾಗಿಯೇ ಹರಿದಿದೆ. ಮೊದಲು ಕಟ್ಟಿಬಿಡುವುದು, ಅನಂತರ ದಂಡ ತೆತ್ತು ಸಕ್ರಮ ಮಾಡಿಸಿಕೊಳ್ಳುವುದು. ಅಕ್ರಮ ಸಕ್ರಮವೆಂಬ ಜೋಡಿಪದ ನಮ್ಮ ಭಾಷೆಗೆ ಸರಕಾರವೇ ಕೊಟ್ಟ ಕಾಣಿಕೆ. 2007ರಲ್ಲಿ ಅದಕ್ಕಾಗಿ ಕಾನೂನು ತಿದ್ದುಪಡಿಯಾಯಿತು, ವರ್ಷಗಟ್ಟಲೆ ವಿವಾದ ನಡೆಯಿತು, 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ತಡೆ ನೀಡಿತು. ದಂಡ ಕಟ್ಟಿದ ರಶೀದಿಯನ್ನು ತೋರಿಸಿದರೆ ಹೊಗೆ ಹಿಂದಿರುಗುವುದೇ ಎಂದು ನಾವು ಸಭೆಗಳಲ್ಲಿ ಕೇಳಿದ್ದುಂಟು. ಉತ್ತರ ದೊರೆಯಲಿಲ್ಲ, ಸಭಾನಡವಳಿಯಲ್ಲಿ ಪ್ರಶ್ನೆಯೂ ದಾಖಲಾಗಲಿಲ್ಲ.

ಕಸದ ವಿಷಯವನ್ನು ಊಟಕ್ಕೆ ಮುಂಚೆ ಎತ್ತಬಾರದೆಂದು ಮಿತ್ರರೊಬ್ಬರು ಎಚ್ಚರಿಸಿದ್ದಾರೆ. ಆದರೆ ಅದನ್ನು ಬಿಟ್ಟರೆ ಪುರಸಭೆಯ ಅರ್ಧ ಕೆಲಸವನ್ನೇ ಬಿಟ್ಟಂತೆ. ಕಸ ಎಲ್ಲಿಗೂ ಹೋಗುವುದಿಲ್ಲ, ಸ್ಥಳ ಬದಲಾಯಿಸುತ್ತದೆ ಅಷ್ಟೆ. ಮಂಗಳೂರಿನವರಿಗೆ ಪಚ್ಚನಾಡಿ ಗೊತ್ತು. 2019ರ ಆಗಸ್ಟ್‌ನ ಮಳೆಯಲ್ಲಿ ಅಲ್ಲಿಯ ತ್ಯಾಜ್ಯದ ಗುಡ್ಡ ಜಾರಿ ಕೆಳಗಿನ ಮಂದಾರದ ಕಡೆಗೆ ಹರಿಯಿತು. ಅಡಿಕೆ ತೋಟ, ತೆಂಗಿನ ಮರ, ಬಾವಿ, ದೈವಸ್ಥಾನ ನೋಡಿಕೊಂಡು ತಲೆಮಾರುಗಳಿಂದ ಬದುಕಿದ್ದ ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು. ಆ ಗುಡ್ಡವನ್ನು ಮಂದಾರದ ಜನ ಮಾಡಿದ್ದಲ್ಲ. ಇಡೀ ನಗರದ ಅಡಿಗೆಮನೆಗಳಿಂದ, ಮದುವೆ ಮಂಟಪಗಳಿಂದ, ಆಸ್ಪತ್ರೆ ಹೋಟೆಲುಗಳಿಂದ ಲಾರಿಗಟ್ಟಲೆ ಬಂದು ಬಿದ್ದದ್ದು ಒಂದು ದಿನ ತಾನಾಗಿ ಕೆಳಗಿಳಿಯಿತು.

ಶ್ರೀಮಂತ ರಾಷ್ಟ್ರಗಳಿಗೆ ಈ ಕಷ್ಟವಿಲ್ಲವೆಂದು ಭಾವಿಸಬೇಡಿ. ಇಲ್ಲಿಯ ಅಲ್ ಕುರೈನ್‌ನಲ್ಲಿ ಜಲ್ಲಿ ತೆಗೆದು ಬಿಟ್ಟ ಹಳ್ಳಗಳಿಗೆ ವರ್ಷಗಳ ಕಾಲ ಕಸ ತುಂಬಿದರು. 1985ರಲ್ಲಿ ಅದನ್ನು ಮುಚ್ಚಿದರು. ಅನಂತರ ಅದರ ಸುತ್ತಲೂ ವಸತಿ ಬಡಾವಣೆ ಎದ್ದಿತು. ನೆಲದಡಿಯಲ್ಲಿ ಕೊಳೆಯುತ್ತಿದ್ದ ಕಸ ಅನಿಲವಾಗಿ ಮೇಲೆದ್ದು ಜನರನ್ನು ಕಾಡತೊಡಗಿದಾಗ ಅದನ್ನು ಹೀರಿ ತೆಗೆಯುವ ವ್ಯವಸ್ಥೆ ಮಾಡಬೇಕಾಯಿತು. ಅರ್ಹಿಯಾದಲ್ಲಿ ರಾಶಿ ಬಿದ್ದಿದ್ದ ಹಳೆಯ ಟಯರುಗಳ ಸಂಖ್ಯೆ ನಾಲ್ಕು ಕೋಟಿಯನ್ನು ಮೀರಿತ್ತು. ಹೊಸ ವಸತಿ ನಗರಕ್ಕೆ ಜಾಗ ಮಾಡಲು 2021ರಲ್ಲಿ ಅವನ್ನೆಲ್ಲ ಅಲ್ ಸಲ್ಮಿಯ ಕಡೆಗೆ ಸಾಗಿಸಿದರು. ಮರುಭೂಮಿಯಲ್ಲಿ ಜಾಗಕ್ಕೇನು ಬರವೆಂದು ಕೇಳುವವರಿಗೆ ಅಲ್ ಕುರೈನ್ ಉತ್ತರ ಕೊಡುತ್ತದೆ: ಇಂದಿನ ಬಯಲು ನಾಳೆಯ ಬಡಾವಣೆ. ಊರು ಇಪ್ಪತ್ತು ವರ್ಷಗಳಲ್ಲಿ ಎಲ್ಲಿಯ ತನಕ ಬಂದೀತು ಎಂದು ನಕ್ಷೆ ಹಿಡಿದು ಮೊದಲೇ ಯೋಚಿಸತಕ್ಕವನು ಯೋಜಕ. ಅವನ ಮಾತಿಗೆ ಹಣ ಮತ್ತು ಆಜ್ಞೆ ದೊರಕಿಸತಕ್ಕವನು ಆಡಳಿತಗಾರ. ಒಬ್ಬನಿಲ್ಲದೆ ಇನ್ನೊಬ್ಬನಿಂದ ಪ್ರಯೋಜನವಿಲ್ಲ.

2018ರ ನವೆಂಬರ್‌ನಲ್ಲಿ ಇಲ್ಲಿ ಮಳೆ ಸುರಿದು ರಸ್ತೆಗಳು ಹೊಳೆಯಾದಾಗ ಲೋಕೋಪಯೋಗಿ ಸಚಿವರು ರಾಜೀನಾಮೆಯಿತ್ತರು. ನಮ್ಮ ಕಡೆ ಮಳೆಯ ನೀರಿಗಾಗಿ ಪದವಿ ಬಿಟ್ಟ ಸಚಿವರನ್ನು ನಮ್ಮ ಸೇವಾವಧಿಯಲ್ಲಿ ನಾವು ಕಾಣಲಿಲ್ಲ. ಇದು ಪ್ರಾಸಂಗಿಕ ಮಾತು.

ಹಾಗಾದರೆ ಊರನ್ನು ನಡೆಸುವವರು ಯಾರು, ಚುನಾಯಿತ ಸದಸ್ಯರೋ ಅಧಿಕಾರಿಯೋ ಎಂದು ತಾವು ಕೇಳಬಹುದು. ಅಮೇರಿಕದಲ್ಲಿ ಈ ಪ್ರಶ್ನೆಗೆ ಒಂದು ಉತ್ತರ ಹುಡುಕಿದರು. 1908ರಲ್ಲಿ ವರ್ಜೀನಿಯಾದ ಸ್ಟಾಂಟನ್ ಎಂಬ ಸಣ್ಣ ಊರು ತನ್ನ ಕೆಲಸಗಳನ್ನು ನೋಡಿಕೊಳ್ಳಲು ವೃತ್ತಿಪರ ವ್ಯವಸ್ಥಾಪಕನೊಬ್ಬನನ್ನು ಸಂಬಳಕ್ಕೆ ಇಟ್ಟುಕೊಂಡಿತು. 1913ರ ಮಹಾಪೂರದಲ್ಲಿ ಮುಳುಗಿದ ಓಹಾಯೋದ ಡೇಟನ್ ನಗರ ಮರುವರ್ಷ ಅದೇ ದಾರಿ ಹಿಡಿಯಿತು. ಅಲ್ಲಿ ನಗರಸಭೆಯೇ ಅವನನ್ನು ಆರಿಸುತ್ತದೆ, ಬೇಡವಾದರೆ ಬಿಡಿಸುತ್ತದೆ. ನಮ್ಮಲ್ಲಿ ಕ್ರಮ ಬೇರೆ. 1865ರಲ್ಲಿ ಮುಂಬಯಿಗೆ ಆರ್ಥರ್ ಕ್ರಾಫರ್ಡ್ ಎಂಬವರನ್ನು ಮೊದಲ ಮುನಿಸಿಪಲ್ ಕಮಿಷನರ್ ಆಗಿ ನೇಮಿಸಿದಾಗ ಸರಕಾರವೇ ನೇಮಿಸಿತು. ಆತ ಊರನ್ನು ಬಹಳ ಸುಧಾರಿಸಿದ, ಅಷ್ಟೇ ಧಾರಾಳವಾಗಿ ಖರ್ಚು ಮಾಡಿದ. 1871ರಲ್ಲಿ ಕರ ತೆರುವವರು ತಿರುಗಿಬಿದ್ದರು. ಅಲ್ಲಿಂದ ಮುಂದೆ, 1888ರ ಮುಂಬಯಿ ಕಾನೂನಿನಲ್ಲಿ, ನಿರ್ಣಯ ಸಭೆಯದು, ನಿರ್ವಹಣೆ ಕಮಿಷನರನದು ಎಂಬ ವಿಭಜನೆ ಗಟ್ಟಿಯಾಯಿತು. ಭಾರತದ ಪಾಲಿಕೆಗಳೆಲ್ಲ ಹೆಚ್ಚುಕಡಿಮೆ ಆ ಮಾದರಿಯವೇ. ಆದ್ದರಿಂದ ನಮ್ಮ ಅಧಿಕಾರಿಗೆ ಇಬ್ಬರು ಯಜಮಾನರು: ನೇಮಿಸಿದ ಸರಕಾರ ಒಂದು, ಎದುರಿಗೆ ಕುಳಿತ ಸಭೆ ಇನ್ನೊಂದು. ಇಬ್ಬರ ನಡುವೆ ಕಾನೂನು ಪುಸ್ತಕವನ್ನು ಊರುಗೋಲಿನಂತೆ ಹಿಡಿದು ನಡೆಯಬೇಕು.

ಸದಸ್ಯರನ್ನು ಹಗುರವಾಗಿ ಕಾಣುವ ಅಭ್ಯಾಸ ವಿದ್ಯಾವಂತರಲ್ಲಿ ಹೆಚ್ಚು. ನಾವು ಅದನ್ನು ಒಪ್ಪುವವರಲ್ಲ. ರಾಜಾಜಿಯವರು ಸೇಲಂ ಪುರಸಭೆಯ ಅಧ್ಯಕ್ಷರಾಗಿದ್ದರು, ವಲ್ಲಭಭಾಯಿ ಪಟೇಲರು ಅಹಮದಾಬಾದಿನ, ನೆಹರೂ ಅವರು ಅಲಹಾಬಾದಿನ ಪುರಸಭೆಗಳ ಅಧ್ಯಕ್ಷರಾಗಿದ್ದರು. ದೇಶ ಆಳುವ ಮೊದಲು ಚರಂಡಿ ಆಳಿದವರು ಅವರು. ಬೆಂಗಳೂರಿನ ಪುರಭವನಕ್ಕೆ ಹೆಸರು ಕೊಟ್ಟ ಸರ್ ಕೆ. ಪಿ. ಪುಟ್ಟಣ್ಣ ಚೆಟ್ಟಿಯವರು ಅಲ್ಲಿಯ ಪುರಸಭೆಯ ಅಧ್ಯಕ್ಷರಾಗಿ ದುಡಿದವರು. ಯಾವ ಓಣಿಯ ಕೊನೆಯ ಮನೆಗೆ ನೀರು ಹತ್ತುವುದಿಲ್ಲವೆಂಬುದು ವಾರ್ಡಿನ ಸದಸ್ಯನಿಗೆ ಗೊತ್ತಿರುವಷ್ಟು ಯಾವ ಅಧಿಕಾರಿಗೂ ಗೊತ್ತಿರದು. ರಾತ್ರಿ ಹನ್ನೊಂದಕ್ಕೆ ಜನ ಬಾಗಿಲು ತಟ್ಟುವುದು ಸದಸ್ಯನ ಮನೆಯದನ್ನೇ. 1992ರ ಎಪ್ಪತ್ತನಾಲ್ಕನೆಯ ಸಂವಿಧಾನ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂದು ಐದು ವರ್ಷಕ್ಕೊಮ್ಮೆ ಪುರಸಭೆಗಳಿಗೆ ಚುನಾವಣೆ ನಡೆಯಲೇಬೇಕೆಂದು ವಿಧಿಸಿತು. ಹೀಗಿದ್ದೂ ಬೆಂಗಳೂರಿನ ಪಾಲಿಕೆಯ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ಐದು ವರ್ಷಕ್ಕೂ ಮಿಕ್ಕಿ ಆ ಮಹಾನಗರಕ್ಕೆ ಚುನಾಯಿತ ಸಭೆಯೇ ಇರಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಅದನ್ನು ಐದು ಪಾಲಿಕೆಗಳಾಗಿ ವಿಂಗಡಿಸಿದಾಗಲೂ ಆಡಳಿತ ಅಧಿಕಾರಿಗಳ ಕೈಯಲ್ಲಿಯೇ ಇತ್ತು. ಅಧಿಕಾರಿವರ್ಗದಿಂದ ಬಂದವರಾದರೂ ನಾವು ಇದನ್ನು ಶ್ಲಾಘಿಸಲಾರೆವು. ಕೇಳುವವರಿಲ್ಲದ ಕಚೇರಿಯಲ್ಲಿ ಕಡತ ಬೇಗ ಸಾಗುತ್ತದೆ, ನಿಜ. ಯಾವ ದಿಕ್ಕಿಗೆ ಸಾಗುತ್ತದೆಂದು ನೋಡುವವರೂ ಇರುವುದಿಲ್ಲ.

ಇನ್ನು ಈ ವೃತ್ತಿಯ ತಳದಲ್ಲಿರುವವರ ಮಾತು. ಮಲ್ಲೇಶ್ವರದಂಥ ಬಡಾವಣೆಗಳಲ್ಲಿ ಮನೆಗಳ ಹಿಂದೆ ಕಿರಿದಾದ ಗಲ್ಲಿಗಳಿರುವುದನ್ನು ತಾವು ಕಂಡಿರಬಹುದು. ಒಂದು ಕಾಲದಲ್ಲಿ ಮಲ ಹೊರುವವರು ಮುಂಬಾಗಿಲಿಗೆ ಕಾಣದಂತೆ ಬಂದು ಹೋಗುವ ದಾರಿ ಅದು. ನಕ್ಷೆ ಬರೆದವರು ಗಾಳಿ ಬೆಳಕನ್ನು ಯೋಚಿಸಿದ ಹಾಗೆಯೇ ಅದನ್ನೂ ಯೋಚಿಸಿದ್ದರು. 1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ನಮ್ಮ ಪೌರಾಡಳಿತದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಆಜ್ಞೆ ಬೇರೊಂದು ಹೊರಟಿಲ್ಲವೆಂಬುದು ನಮ್ಮ ಎಣಿಕೆ. ಅದೇ ದಶಕದಲ್ಲಿ ಐ. ಪಿ. ಡಿ. ಸಾಲಪ್ಪ ಸಮಿತಿ ಪೌರಕಾರ್ಮಿಕರ ಸ್ಥಿತಿಗತಿಯನ್ನು ಪರಿಶೀಲಿಸಿ ವರದಿ ಕೊಟ್ಟಿತು. ಆದರೆ ಅನಂತರದ ವರ್ಷಗಳಲ್ಲಿ ಕಸ ಗುಡಿಸುವ ಕೆಲಸವನ್ನು ಗುತ್ತಿಗೆದಾರರಿಗೆ ಒಪ್ಪಿಸಿದರು. ಕೂಲಿ ಕೈಗೆ ಬರುವಷ್ಟರಲ್ಲಿ ಸವೆಯುತ್ತಿತ್ತು. 2022ರ ಜುಲೈಯಲ್ಲಿ ರಾಜ್ಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ತಮ್ಮನ್ನು ಖಾಯಂ ಮಾಡಬೇಕೆಂದು ಕುಳಿತರು, ಸರಕಾರ ಮಣಿಯಿತು. ಒಳ್ಳೆಯ ಮುಖ್ಯಾಧಿಕಾರಿ ಯಾರೆಂದು ತಿಳಿಯಬೇಕಾದರೆ ನಾವು ಕಚೇರಿಯ ಫಲಕಗಳನ್ನು ನೋಡುವುದಿಲ್ಲ. ಪೌರಕಾರ್ಮಿಕರಿಗೆ ಕೈಗವಸು, ಬೂಟು ಬಂದಿವೆಯೆ, ಅವರ ಭವಿಷ್ಯನಿಧಿಯ ಹಣ ಜಮೆಯಾಗಿದೆಯೆ ಎಂದು ವಿಚಾರಿಸುತ್ತೇವೆ. ಈ ಊರಿನಲ್ಲಿಯೂ ಜೂನ್‌ನಿಂದ ಆಗಸ್ಟ್ ಕೊನೆಯ ತನಕ ನಡುಹಗಲು ಹನ್ನೊಂದರಿಂದ ನಾಲ್ಕರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸಕೂಡದೆಂಬ ನಿಯಮವಿದೆ. ನಿಯಮ ಕಾಗದದಲ್ಲಿದ್ದರೆ ಸಾಲದು. ಹನ್ನೆರಡು ಗಂಟೆಗೆ ಬೀದಿಗೆ ಹೋಗಿ ನೋಡುವವನೊಬ್ಬ ಬೇಕು.

ಈಗ ಮಕ್ಕಳ ವಿಷಯ. ಕರ್ನಾಟಕದಲ್ಲಿ ಈ ಸೇವೆಯನ್ನು ಪ್ರವೇಶಿಸುವ ಮುಖ್ಯ ದಾರಿ ಕರ್ನಾಟಕ ಲೋಕಸೇವಾ ಆಯೋಗದ ಸ್ಪರ್ಧಾ ಪರೀಕ್ಷೆಗಳು. ಪದವೀಧರರು ಮುಖ್ಯಾಧಿಕಾರಿಯ ಹುದ್ದೆಯಿಂದ ಆರಂಭಿಸಿ ಪೌರಾಯುಕ್ತರ ಹುದ್ದೆಯ ತನಕ ಏರಬಹುದು. ಭಾರತೀಯ ಆಡಳಿತ ಸೇವೆಗೆ ಸೇರಿದವರು ಪಾಲಿಕೆಗಳ ಆಯುಕ್ತರಾಗಿ ಬರುತ್ತಾರೆ, ಆದರೆ ಅವರಿಗೆ ಅದು ಹಲವು ನಿಲ್ದಾಣಗಳಲ್ಲಿ ಒಂದು. ಇಂಜಿನಿಯರಿಂಗ್ ಓದಿದವರಿಗೆ ಪುರಸಭೆಗಳಲ್ಲಿ ಕಿರಿಯ ಅಭಿಯಂತರ, ಪರಿಸರ ಅಭಿಯಂತರ ಹುದ್ದೆಗಳಿವೆ. ವಾಣಿಜ್ಯ ಓದಿದವರನ್ನು ಲೆಕ್ಕಪತ್ರ ವಿಭಾಗ ಕಾಯುತ್ತಿದೆ. 2000ದಲ್ಲಿ ಬೆಂಗಳೂರು ಮನೆಯವರೇ ತಮ್ಮ ಆಸ್ತಿತೆರಿಗೆ ಲೆಕ್ಕ ಹಾಕಿ ಕಟ್ಟುವ ಸ್ವಯಂ ಘೋಷಣಾ ಪದ್ಧತಿಯನ್ನು ತಂದ ಬಳಿಕ ಊರುಗಳ ಹಣಕಾಸನ್ನು ಓದಬಲ್ಲವರ ಬೆಲೆ ಹೆಚ್ಚಿದೆ. ನಗರ ಯೋಜನೆಯಲ್ಲಿಯೇ ಪದವಿ ಬೇಕೆಂಬವರಿಗೆ ದೆಹಲಿಯ ಯೋಜನೆ ಮತ್ತು ವಾಸ್ತುಶಿಲ್ಪ ಶಾಲೆ, ಅಹಮದಾಬಾದಿನ ಸೆಪ್ಟ್, ನಮ್ಮ ಮೈಸೂರು ವಿಶ್ವವಿದ್ಯಾನಿಲಯದ ಅಭಿವೃದ್ಧಿ ಅಧ್ಯಯನ ಸಂಸ್ಥೆಗಳಿವೆ. ಸೇವೆಯಲ್ಲಿರುವವರಿಗೆ ತರಬೇತಿ ನೀಡಲು ಮೈಸೂರಿನಲ್ಲಿ ರಾಜ್ಯ ನಗರಾಭಿವೃದ್ಧಿ ಸಂಸ್ಥೆಯಿದೆ.

ಸಂಬಳ ಇಲ್ಲಿಯ ದಿನಾರಿನ ಲೆಕ್ಕಕ್ಕೆ ಸಿಗುವಂಥದಲ್ಲ. ವರ್ಗಾವಣೆಗಳುಂಟು, ಮಗುವಿನ ಶಾಲೆ ನಡುವಿನಲ್ಲಿಯೇ ಬದಲಾಗುವುದುಂಟು. ಊರಿಗೆ ಉಪಕಾರಿ ಮನೆಗೆ ಮಾರಿ ಎಂಬ ಗಾದೆಯನ್ನು ನಮ್ಮ ಮನೆಯವರು ನಮಗೆ ಅನೇಕ ಸಲ ಕೇಳಿಸಿದ್ದಾರೆ, ಬೇಸಿಗೆಯಲ್ಲಂತೂ ದಿನವೂ. 2019ರ ಮೇ ತಿಂಗಳಲ್ಲಿ ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ನೇತ್ರಾವತಿಯ ನೀರು ಇಳಿದು ಮಂಗಳೂರಿಗೆ ನೀರಿನ ಸರದಿ ಹಾಕಬೇಕಾದಾಗ ಆ ಕಚೇರಿಯವರು ಮನೆಯಲ್ಲಿ ಹೊಟ್ಟೆತುಂಬ ಉಂಡಿರಲಿಕ್ಕಿಲ್ಲ. ಲಂಚದ ಮಾತನ್ನು ತಾವು ಸಭ್ಯತೆಯಿಂದ ಕೇಳದೆ ಇರುವಿರಿ, ನಾವೇ ಹೇಳುತ್ತೇವೆ. ಇದೆ. ಅದು ಹೆಚ್ಚಾಗಿ ಹುಟ್ಟುವುದು ನಿಯಮ ಏನೆಂದು ಅರ್ಜಿದಾರನಿಗೆ ತಿಳಿಯದ ಕಡೆಯಲ್ಲಿ ಮತ್ತು ನಿಯಮ ಮೀರಲು ಅವನಿಗೆ ಮನಸ್ಸಿರುವ ಕಡೆಯಲ್ಲಿ. ತಾವು ಊರಿನಲ್ಲಿ ಬಂಧುಗಳಿಗೆ ಅಧಿಕಾರಪತ್ರ ಕೊಟ್ಟು ಇಲ್ಲಿಂದಲೇ ಮನೆ ಕಟ್ಟಿಸುವಾಗ ಮಂಜೂರಾದ ನಕ್ಷೆಯ ಪ್ರತಿಯೊಂದನ್ನು ತಾವೇ ತರಿಸಿ ಓದಿನೋಡಿ. ಡೋರ್ ನಂಬ್ರ ಬಂದರಾಯಿತು ಎಂದು ಮಧ್ಯವರ್ತಿ ಹೇಳುತ್ತಾನೆ. ಮೆಟ್ಟಿಲೆಷ್ಟು ಇದೆಯೆಂದು ಆತನನ್ನು ಕೇಳಿ.

ಕೊನೆಯದ್ದೊಂದು ಸಂಗತಿ ಕೂಟದ ಕನ್ನಡ ತರಗತಿಗೆ ಸಂಬಂಧಿಸಿದ್ದು. ಈ ಸೇವೆಗೆ ಭಾರತೀಯ ಪೌರತ್ವ ಬೇಕು. ಪರೀಕ್ಷೆಯಲ್ಲಿ ಕಡ್ಡಾಯ ಕನ್ನಡ ಪತ್ರಿಕೆಯಲ್ಲಿ ಉತ್ತೀರ್ಣರಾಗಬೇಕು. ಇಲ್ಲಿಯ ಶಾಲೆಗಳಲ್ಲಿ ಓದುವ ನಮ್ಮ ಮಕ್ಕಳು ಕನ್ನಡ ಮಾತನಾಡುತ್ತಾರೆ, ಕೆಲವರಂತೂ ತುಳು ಕೊಂಕಣಿಗಳೊಡನೆ ನಾಲ್ಕೈದು ಭಾಷೆ ಆಡುತ್ತಾರೆ, ಆದರೆ ಕನ್ನಡ ಅಕ್ಷರ ಓದುವವರು ವಿರಳವೆಂದು ಪಾಲಕರೇ ನಮಗೆ ತಿಳಿಸಿದರು. ಪುರಸಭೆಯ ಕಡತ ಕನ್ನಡದ್ದು. ಮೀನು ಮಾರುವ ಹೆಂಗಸಿನ ಅರ್ಜಿ ಕನ್ನಡದ್ದು, ಅದರ ಮೇಲಿನ ಟಿಪ್ಪಣಿ ಕನ್ನಡದ್ದು, ಆಕೆಗೆ ಸಲ್ಲುವ ಉತ್ತರವೂ ಕನ್ನಡದಲ್ಲಿಯೇ ಹೋಗಬೇಕು. ಆರನೆಯ ತರಗತಿಯ ಹುಡುಗಿಯೊಬ್ಬಳಿಗೆ ಈಗ ವಾರಕ್ಕೊಂದು ಗಂಟೆ ಅಕ್ಷರ ಕಲಿಸಿದರೆ ಹತ್ತು ವರ್ಷಗಳ ಮೇಲೆ ಆ ಅರ್ಜಿಯನ್ನು ಅವಳು ತಾನೇ ಓದಿಯಾಳು. ಪರೀಕ್ಷೆಯ ಪಠ್ಯಕ್ರಮದ ಪ್ರತಿಯನ್ನೂ, ಹಳೆಯ ಕನ್ನಡ ಪ್ರಶ್ನೆಪತ್ರಿಕೆಗಳು ಕೆಲವನ್ನೂ ನಾವು ತಂದು ಕಾರ್ಯದರ್ಶಿಗಳ ಬಳಿ ಕೊಟ್ಟಿದ್ದೇವೆ. ಬೇಕಾದವರು ಊಟದ ಬಳಿಕ ಪಡೆದುಕೊಳ್ಳಬಹುದು. ಪ್ರಶ್ನೆಗಳಿದ್ದರೆ ಈಗಲೇ ಕೇಳಿರಿ. ಖಾತೆ ಬದಲಾವಣೆಯ ಬಗೆಗೆ ಮೂವರು ಆಗಲೇ ಚೀಟಿ ಕಳುಹಿಸಿದ್ದಾರೆ, ಅವರಿಂದಲೇ ಆರಂಭಿಸೋಣ.